‘ಈಸ್ ಬೀಯಿಂಗ್ ಬಿಲ್ಟ್’: ಮೂರು ಪದಗಳ ಚರಿತ್ರೆ



ಕಳೆದ ವಾರ ನನ್ನ ಮೊಮ್ಮಗಳು ಇಂಗ್ಲಿಷ್ ವ್ಯಾಕರಣದ ಹೋಂವರ್ಕ್ ಪುಸ್ತಕ ಹಿಡಿದು ನನ್ನ ಬಳಿ ಬಂದಳು. ವಾಕ್ಯಗಳ ‘ವಾಯ್ಸ್’ ಬದಲಿಸಬೇಕಿತ್ತು. ಮೊದಲನೆಯ ವಾಕ್ಯ ‘ಮದರ್ ಈಸ್ ಕುಕಿಂಗ್ ರೈಸ್’. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಪಾಠವನ್ನೇ ಮಾಡಿದವನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ‘ರೈಸ್ ಈಸ್ ಬೀಯಿಂಗ್ ಕುಕ್ಡ್ ಬೈ ಮದರ್’. ಅವಳು ವಿಧೇಯಳಾಗಿ ಬರೆದುಕೊಂಡಳು. ಆಮೇಲೆ ತಲೆಯೆತ್ತಿ, “ತಾತ, ಹೀಗೆ ಯಾರಾದ್ರೂ ನಿಜವಾಗಿ ಮಾತಾಡ್ತಾರಾ?” ಎಂದು ಕೇಳಿದಳು.

ಆ ಪ್ರಶ್ನೆಗೆ ನಾನು ಥಟ್ಟನೆ ಉತ್ತರ ಕೊಡಲಿಲ್ಲ. ಬೇರೊಂದು ಮಗುವಿನ ಮುಖ ಕಣ್ಣೆದುರು ಬಂದು ನಿಂತದ್ದೇ ಅದಕ್ಕೆ ಕಾರಣ. ಈ ಲೇಖನ ಆ ಮಗುವಿನಿಂದ ಆರಂಭವಾಗಿ, ಇಂಗ್ಲೆಂಡು, ಅಮೆರಿಕ, ಕಾಶಿಗಳನ್ನು ಸುತ್ತಿ ಮತ್ತೆ ಅದರ ಬಳಿಗೇ ಬರುತ್ತದೆ. ಸ್ವಲ್ಪ ದೀರ್ಘವಾಯಿತೆನಿಸಿದರೆ ಕ್ಷಮಿಸಬೇಕು. ತರಗತಿಯಲ್ಲಿಯೂ ನಾನು ಗಂಟೆ ಬಾರಿಸಿದ ಮೇಲೆ ಪಾಠ ಮುಂದುವರಿಸುತ್ತಿದ್ದವನೆಂಬುದು ನಿಮಗೆ ತಿಳಿದೇ ಇದೆ.

ಅದು 1987ನೆಯ ಇಸವಿ. ತುಮಕೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಹೈಸ್ಕೂಲಿನಲ್ಲಿ ನಾನು ಸೇವೆಗೆ ಸೇರಿ ಮೂರು ವರ್ಷವಾಗಿತ್ತು. ಬಿ.ಎಡ್. ಪದವಿಯ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಮೇಲೆ ಹೇಳಿದ ವಾಕ್ಯವನ್ನೇ ಕೊಟ್ಟಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಬರೆದ ಉತ್ತರ ‘ರೈಸ್ ಈಸ್ ಕುಕಿಂಗ್’. ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಉತ್ತರಪತ್ರಿಕೆ ಹಂಚುವಾಗ ಆ ವಾಕ್ಯವನ್ನು ಗಟ್ಟಿಯಾಗಿ ಓದಿ, “ಅನ್ನ ಯಾವಾಗಿನಿಂದ ಅಡುಗೆ ಮಾಡೋದು ಕಲಿತುಕೊಂಡಿತಪ್ಪಾ?” ಎಂದೆ. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು.

ಹುಡುಗ ಎದ್ದುನಿಂತು, “ಅನ್ನ ಬೇಯ್ತಾ ಐತೆ ಅಂತೀವಲ್ಲ ಸಾರ್, ಹಂಗೇ ಬರ್ದೆ” ಎಂದ.

“ಅದು ನಿಮ್ಮ ಮನೆಯ ಕನ್ನಡ. ಇದು ಇಂಗ್ಲಿಷೇ ಅಲ್ಲ, ಕೂತ್ಕೋ” ಎಂದುಬಿಟ್ಟೆ.

ಅವನು ಕುಳಿತ. ಆ ವರ್ಷ ಉಳಿದ ದಿನಗಳಲ್ಲಿ ನನ್ನ ಪಾಠದ ವೇಳೆ ಅವನು ಮತ್ತೆಂದೂ ಕೈಯೆತ್ತಲಿಲ್ಲ. ಅದನ್ನು ನಾನು ಅಂದು ಗಮನಿಸಿದ್ದೆನೇ ಎಂದು ಕೇಳಿಕೊಂಡರೆ, ಗಮನಿಸಿದ್ದೆ. ಆದರೆ ಅದಕ್ಕೆ ಕಾರಣ ನಾನು ಎಂದು ಒಪ್ಪಿಕೊಳ್ಳಲು ಮನಸ್ಸು ಸಿದ್ಧವಿರಲಿಲ್ಲ.

ನಿವೃತ್ತಿಯ ನಂತರ ಬಿಡುವು ದೊರೆತಾಗ ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಕುರಿತ ಕೆಲವು ಗ್ರಂಥಗಳನ್ನು ಓದಿದೆ. ಆಗ ತಿಳಿದುಬಂದ ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ನಾನು ಶಿಲಾಶಾಸನವೆಂಬಂತೆ ಬೋಧಿಸುತ್ತಿದ್ದ ‘ಈಸ್ ಬೀಯಿಂಗ್ ಕುಕ್ಡ್’, ‘ಈಸ್ ಬೀಯಿಂಗ್ ಬಿಲ್ಟ್’ ಎಂಬ ರಚನೆಗೆ ಸುಮಾರು ಇನ್ನೂರೈವತ್ತು ವರ್ಷಗಳ ಇತಿಹಾಸವಷ್ಟೇ ಇದೆ. ಅದು ಹುಟ್ಟಿದ ಕಾಲದಲ್ಲಿ ಪಂಡಿತರು ಅದನ್ನು ‘ಇಂಗ್ಲಿಷೇ ಅಲ್ಲ’ ಎಂದು ಬೈದಿದ್ದರು. ಹೆಚ್ಚುಕಡಿಮೆ ನಾನು ಆ ಹುಡುಗನಿಗೆ ಹೇಳಿದ ಮಾತುಗಳಲ್ಲಿಯೇ!

ಮೊದಲು ಈ ರಚನೆ ಏನೆಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಕರ್ಮಣಿ ಪ್ರಯೋಗದಲ್ಲಿ ಕೆಲಸಕ್ಕೆ ಒಳಗಾದ ವಸ್ತುವೇ ವಾಕ್ಯದ ಮುಂದಾಳು. ‘ದಿ ಹೌಸ್ ಈಸ್ ಬಿಲ್ಟ್’ ಎಂದರೆ ಮನೆ ಕಟ್ಟಿ ಆಗಿದೆ ಎಂಬ ಭಾವ. ‘ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಎಂದರೆ ಕೆಲಸ ಇನ್ನೂ ನಡೆಯುತ್ತಿದೆ, ಮುಗಿದಿಲ್ಲ. ನಡುವಿನ ಆ ‘ಬೀಯಿಂಗ್’ ಎಂಬ ಒಂದು ಪದ ಮುಗಿಯದಿರುವಿಕೆಯನ್ನು ಹೇಳುತ್ತದೆ. ಜೊತೆಗೆ ಈ ರಚನೆಗೆ ಇನ್ನೊಂದು ಗುಣವಿದೆ. ಮಾಡುವವನು ಯಾರು ಎಂಬುದನ್ನು ಹೇಳದೆ ಬಿಟ್ಟರೂ ವಾಕ್ಯ ಪೂರ್ಣವಾಗುತ್ತದೆ. ಈ ಎರಡು ಗುಣಗಳಿಂದಾಗಿಯೇ ಇಂದು ದಿನನಿತ್ಯದ ಇಂಗ್ಲಿಷಿನಲ್ಲಿ ಇದಕ್ಕೆ ಬಹಳ ಬೇಡಿಕೆ. ‘ದಿ ರೋಡ್ ಈಸ್ ಬೀಯಿಂಗ್ ರಿಪೇರ್ಡ್’ ಎಂದು ರಸ್ತೆಯ ಫಲಕ ಹೇಳುತ್ತದೆ. ‘ಯುವರ್ ಕಾಲ್ ಈಸ್ ಬೀಯಿಂಗ್ ರೆಕಾರ್ಡೆಡ್’ ಎಂದು ದೂರವಾಣಿಯ ಧ್ವನಿ ಹೇಳುತ್ತದೆ. ‘ದಿ ಪೇಷೆಂಟ್ ಈಸ್ ಬೀಯಿಂಗ್ ಶಿಫ್ಟೆಡ್’ ಎಂದು ಆಸ್ಪತ್ರೆಯಲ್ಲಿ ಹೇಳುತ್ತಾರೆ. ‘ದಿ ಮ್ಯಾಟರ್ ಈಸ್ ಬೀಯಿಂಗ್ ಎಕ್ಸಾಮಿನ್ಡ್’ ಎಂದು ಕಚೇರಿಗಳಿಂದ ಪತ್ರ ಬರುತ್ತದೆ.

ಇಷ್ಟು ಅನಿವಾರ್ಯವೆನಿಸುವ ಈ ರಚನೆಯಿಲ್ಲದೆ ಇಂಗ್ಲಿಷರು ಶತಮಾನಗಳ ಕಾಲ ಹೇಗೆ ಬದುಕಿದರು? ಅವರೇನೂ ಮನೆ ಕಟ್ಟದೆ ಇದ್ದವರಲ್ಲವಷ್ಟೇ.

ಅವರು ಅನುಸರಿಸಿದ ಮಾರ್ಗ ಕನ್ನಡಿಗರಾದ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯೆಯಿಂದ ನಾಮಪದವನ್ನು ಮಾಡಲು ‘ಉಂಗ್’ ಅಥವಾ ‘ಇಂಗ್’ ಎಂಬ ಪ್ರತ್ಯಯವಿತ್ತು. ‘ಬಿಲ್ಡಿಂಗ್’ ಎಂದರೆ ಕಟ್ಟುವಿಕೆ, ‘ಹಂಟಿಂಗ್’ ಎಂದರೆ ಬೇಟೆಯಾಡುವಿಕೆ. ಈ ನಾಮಪದದ ಹಿಂದೆ ‘ಆನ್’ ಅಥವಾ ‘ಇನ್’ ಎಂಬ ಪದವನ್ನು ಸೇರಿಸಿ, ಮನೆಯು ‘ಇನ್ ಬಿಲ್ಡಿಂಗ್’ ಆಗಿದೆ, ಅಂದರೆ ‘ಕಟ್ಟುವಿಕೆಯಲ್ಲಿದೆ’ ಎನ್ನುತ್ತಿದ್ದರು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲ್ಲಿನ ಯೋಹಾನನ ಸುವಾರ್ತೆಯಲ್ಲಿ, ಜೆರುಸಲೇಮಿನ ದೇವಾಲಯದ ನಿರ್ಮಾಣ 46 ವರ್ಷ ನಡೆಯಿತೆಂದು ಹೇಳುವಾಗ ಬಳಸಿರುವುದು ಈ ರೂಪವನ್ನೇ. ನಾವು ‘ಮನೆ ಕಟ್ಟೋ ಕೆಲಸ ನಡೀತಿದೆ’, ‘ಅರ್ಜಿ ಪರಿಶೀಲನೆಯಲ್ಲಿದೆ’ ಎನ್ನುವುದಿಲ್ಲವೇ? ಅದೇ ಬಗೆ.

ಬಾಯಿಂದ ಬಾಯಿಗೆ ಸಾಗುವಾಗ ‘ಆನ್’ ಸವೆದು ‘ಅ’ ಎಂಬ ಒಂದು ಸಣ್ಣ ಉಸಿರಾಗಿ ಉಳಿಯಿತು. ‘ಆನ್ ಹಂಟಿಂಗ್’ ಎಂಬುದು ‘ಅ-ಹಂಟಿಂಗ್’ ಆಯಿತು, ಮನೆಯು ‘ಅ-ಬಿಲ್ಡಿಂಗ್’ ಆಯಿತು. ಕಡೆಗೆ ಆ ಉಸಿರೂ ಬಿದ್ದುಹೋಯಿತು. ಹೀಗೆ ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ‘ದಿ ಹೌಸ್ ಈಸ್ ಬಿಲ್ಡಿಂಗ್’ ಎಂಬುದು ಸಾಮಾನ್ಯ ಪ್ರಯೋಗವಾಯಿತು. ಪುಸ್ತಕ ಅಚ್ಚಾಗುತ್ತಿದ್ದರೆ ‘ದಿ ಬುಕ್ ಈಸ್ ಪ್ರಿಂಟಿಂಗ್’. ಸುಸಂಸ್ಕೃತ ಗದ್ಯಕ್ಕೆ ಮಾದರಿಯೆಂದು ನಾವೆಲ್ಲ ಕಾಲೇಜಿನಲ್ಲಿ ಓದಿದ ಜೇನ್ ಆಸ್ಟೆನ್ ಕೂಡ ‘ನಾರ್ತ್ಯಾಂಗರ್ ಆಬಿ’ ಕಾದಂಬರಿಯಲ್ಲಿ, ಪ್ರಯಾಣಕ್ಕೆ ಹೊರಡುವ ಮುನ್ನ ಪೆಟ್ಟಿಗೆಗಳನ್ನು ಆಳುಗಳು ಕೆಳಗಿಳಿಸುತ್ತಿದ್ದ ಸಂದರ್ಭವನ್ನು ಹೇಳುವಾಗ, ಪೆಟ್ಟಿಗೆಗಳೇ ‘ಕ್ಯಾರಿಯಿಂಗ್’ ಆಗುತ್ತಿದ್ದವು ಎಂಬ ರೂಪದಲ್ಲಿ ಬರೆದಿದ್ದಾಳೆ. ನನ್ನ ಕೆಂಪು ಶಾಯಿಯ ಲೇಖನಿಯ ಕೈಗೆ ಆ ಪುಟ ಸಿಕ್ಕಿದ್ದರೆ ಅವಳಿಗೂ ಸೊನ್ನೆಯೇ ಗತಿ!

ಈ ಹಳೆಯ ರೂಪಕ್ಕೆ ಒಂದು ತೊಡಕಿತ್ತು ಎಂಬುದನ್ನು ಒಪ್ಪಲೇಬೇಕು. ಮನೆಗೆ ಕಟ್ಟುವ ಶಕ್ತಿಯಿಲ್ಲ, ಪುಸ್ತಕಕ್ಕೆ ಅಚ್ಚುಹಾಕುವ ಶಕ್ತಿಯಿಲ್ಲ, ಆದ್ದರಿಂದ ಅಲ್ಲಿ ಗೊಂದಲವಿಲ್ಲ. ಆದರೆ ‘ದಿ ಬಾಯ್ ಈಸ್ ವಿಪ್ಪಿಂಗ್’ ಎಂದರೆ ಹುಡುಗ ಹೊಡೆಯುತ್ತಿದ್ದಾನೆಯೋ ಹೊಡೆಸಿಕೊಳ್ಳುತ್ತಿದ್ದಾನೆಯೋ? ಕರ್ತೃ ಜೀವಂತ ಮನುಷ್ಯನಾದಾಗ ವಾಕ್ಯ ಎರಡು ಕಡೆಗೂ ವಾಲುತ್ತದೆ. ಏಟು ತಿನ್ನುವವನಿಗೂ ಕೊಡುವವನಿಗೂ ವ್ಯತ್ಯಾಸ ತಿಳಿಸದ ಭಾಷೆಯನ್ನು ಇಟ್ಟುಕೊಂಡು ಬಹುಕಾಲ ಬಾಳುವುದು ಕಷ್ಟ. ಹೊಸ ರೂಪದ ಹುಟ್ಟಿಗೆ ಇದೂ ಒಂದು ಕಾರಣವೆಂದು ವಿದ್ವಾಂಸರು ಹೇಳುತ್ತಾರೆ.

ಇಲ್ಲಿ ಡಾ. ಸ್ಯಾಮ್ಯುಯಲ್ ಜಾನ್ಸನ್ ಪ್ರವೇಶಿಸುತ್ತಾನೆ. 1755ರಲ್ಲಿ ಹೊರಬಂದ ಅವನ ಪ್ರಸಿದ್ಧ ನಿಘಂಟಿನ ಆರಂಭದಲ್ಲಿ ಒಂದು ಇಂಗ್ಲಿಷ್ ವ್ಯಾಕರಣವೂ ಇದೆ. ಅದರಲ್ಲಿ ಅವನು ‘ವ್ಯಾಕರಣ ಈಗ ಪ್ರಿಂಟಿಂಗ್ ಆಗುತ್ತಿದೆ’ ಎಂಬಂಥ ಪ್ರಯೋಗವನ್ನು ಎತ್ತಿಕೊಂಡು, ಅದು ಕೆಟ್ಟ ಪ್ರಯೋಗವೆಂದು ತೀರ್ಪು ಕೊಟ್ಟಿದ್ದಾನೆ. ಅದಕ್ಕಿಂತ ಹಿಂದಿನ ‘ಅ-ಪ್ರಿಂಟಿಂಗ್’ ಎಂಬುದೇ ಹೆಚ್ಚು ಶುದ್ಧವಾದದ್ದು, ಅದು ಕೆಟ್ಟು ಹೀಗಾಗಿರಬೇಕು ಎಂಬುದು ಅವನ ಅಭಿಪ್ರಾಯ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. 1755ರಲ್ಲಿ ‘ಈಸ್ ಪ್ರಿಂಟಿಂಗ್’ ಅಶುದ್ಧ.

ಇನ್ನು ಹೊಸ ರೂಪದ ಜನನ. ಅದು ವ್ಯಾಕರಣ ಗ್ರಂಥದಲ್ಲಿಯೋ ಸಾಹಿತ್ಯಕೃತಿಯಲ್ಲಿಯೋ ಹುಟ್ಟಲಿಲ್ಲ. ಅದರ ಮೊದಲ ಉದಾಹರಣೆಗಳು ದೊರೆಯುವುದು 1770ರ ದಶಕದಿಂದೀಚಿನ ಖಾಸಗಿ ಪತ್ರಗಳಲ್ಲಿ. ಅವುಗಳಲ್ಲಿ ಬಹಳ ಪ್ರಸಿದ್ಧವಾದದ್ದು ಕವಿ ರಾಬರ್ಟ್ ಸೌದಿ 1795ರಲ್ಲಿ ಸ್ನೇಹಿತನಿಗೆ ಬರೆದ ಪತ್ರ. ಒರಟು ಕೈಯ ಕ್ಷೌರಿಕನೊಬ್ಬನಿಂದ ದವಡೆಹಲ್ಲನ್ನು ಬೇರುಸಹಿತ ಕೀಳಿಸಿಕೊಳ್ಳುತ್ತಿರುವವನ ಪಾಡನ್ನು ಹೇಳುವಾಗ, ಇಪ್ಪತ್ತೊಂದು ವರ್ಷದ ಆ ತರುಣ ‘ಈಸ್ ಬೀಯಿಂಗ್’ ಎಂಬ ಜೋಡಿಯನ್ನು ಸರಾಗವಾಗಿ ಬಳಸಿಬಿಟ್ಟಿದ್ದಾನೆ. ಆ ಕಾಲದಲ್ಲಿ ಹಲ್ಲು ಕೀಳುವುದೂ ಕ್ಷೌರಿಕರ ವೃತ್ತಿಗೆ ಸೇರಿತ್ತು. ಎಂಥ ಸಮಂಜಸವಾದ ಸಂದರ್ಭ ನೋಡಿ! ನೋವು ಈ ಕ್ಷಣದಲ್ಲಿ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ, ಅನುಭವಿಸುವವನೇ ವಾಕ್ಯದ ನಾಯಕ. ಹಳೆಯ ರೂಪಕ್ಕೆ ಇದನ್ನು ಸ್ಪಷ್ಟವಾಗಿ ಹೇಳುವ ಶಕ್ತಿ ಇರಲಿಲ್ಲ. ಮುಂದೆ 1813ರಲ್ಲಿ ಈ ಸೌದಿ ಇಂಗ್ಲೆಂಡಿನ ಆಸ್ಥಾನಕವಿಯಾದನು.

ಸ್ನೇಹಿತರಿಗೆ ಬರೆಯುವ ಪತ್ರದಲ್ಲಿ ನಮ್ಮ ಕೈ ಸಡಿಲವಾಗಿರುತ್ತದೆ, ತಿದ್ದುವ ಮೇಷ್ಟ್ರ ಭಯವಿರುವುದಿಲ್ಲ. ಮಾತಿನಲ್ಲಿ ಆಗಲೇ ಓಡಾಡುತ್ತಿದ್ದ ರೂಪ ಆ ದಾರಿಯಿಂದ ಬರವಣಿಗೆಯೊಳಕ್ಕೆ ಬಂದಿತು. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಅದು ಪತ್ರಿಕೆಗಳಲ್ಲಿಯೂ ಪುಸ್ತಕಗಳಲ್ಲಿಯೂ ಕಾಣಿಸಿಕೊಂಡಿತು. ಪಂಡಿತರ ಕೋಪಕ್ಕೆ ಗುರಿಯಾದದ್ದೂ ಆಗಲೇ.

ಅಮೆರಿಕದ ವ್ಯಾಕರಣಕಾರ ಗೂಲ್ಡ್ ಬ್ರೌನ್ 1851ರ ತನ್ನ ಬೃಹತ್ ವ್ಯಾಕರಣದಲ್ಲಿ ಇದನ್ನು ವಿರೋಧಿಸಿದ. ಜಾರ್ಜ್ ಪರ್ಕಿನ್ಸ್ ಮಾರ್ಷ್ ಎಂಬ ವಿದ್ವಾಂಸ ತನ್ನ ಇಂಗ್ಲಿಷ್ ಭಾಷೆಯ ಉಪನ್ಯಾಸಗಳಲ್ಲಿ ಇದನ್ನು ಒಡ್ಡೊಡ್ಡಾದ ಹೊಸ ಸೃಷ್ಟಿಯೆಂದು ತಿರಸ್ಕರಿಸಿದ. ಎಲ್ಲರಿಗಿಂತ ಉಗ್ರನೆಂದರೆ ನ್ಯೂಯಾರ್ಕಿನ ವಿಮರ್ಶಕ, ಶೇಕ್ಸ್‌ಪಿಯರ್ ವಿದ್ವಾಂಸ ರಿಚರ್ಡ್ ಗ್ರಾಂಟ್ ವೈಟ್. 1870ರಲ್ಲಿ ಪ್ರಕಟವಾದ ತನ್ನ ‘ವರ್ಡ್ಸ್ ಅಂಡ್ ದೇರ್ ಯೂಸಸ್’ ಎಂಬ ಪುಸ್ತಕದಲ್ಲಿ ಈ ಒಂದು ರಚನೆಯ ಖಂಡನೆಗೆಂದೇ ಇಡೀ ಒಂದು ಅಧ್ಯಾಯವನ್ನು ಮೀಸಲಿಟ್ಟ. ಅವನ ವಾದ ಕೇಳಲು ತರ್ಕಬದ್ಧವಾಗಿಯೇ ಇದೆ. ‘ಈಸ್’ ಎಂದರೆ ಇದೆ. ‘ಬೀಯಿಂಗ್’ ಎಂದರೆ ಇರುತ್ತಾ. ಆದ್ದರಿಂದ ‘ಈಸ್ ಬೀಯಿಂಗ್’ ಎಂದರೆ ‘ಇರುತ್ತಾ ಇದೆ’ ಎಂದಾಯಿತು, ಇದು ಬರಿಯ ಅರ್ಥಹೀನ ಮಾತು ಎಂಬುದು ಅವನ ತೀರ್ಮಾನ. ಶುದ್ಧ ಇಂಗ್ಲಿಷ್ ಬೇಕಾದವರು ‘ದಿ ಹೌಸ್ ಈಸ್ ಬಿಲ್ಡಿಂಗ್’ ಎಂದೇ ಹೇಳಬೇಕು ಎಂದು ಅವನು ಪಟ್ಟು ಹಿಡಿದ.

ಈಗ ಜಾನ್ಸನ್ನನನ್ನು ನೆನಪಿಸಿಕೊಳ್ಳಿ. 1755ರಲ್ಲಿ ಯಾವುದು ಕೆಟ್ಟ ಪ್ರಯೋಗವಾಗಿತ್ತೋ ಅದೇ 1870ರಲ್ಲಿ ಶುದ್ಧತೆಯ ಕಲಶ! ನೂರಹದಿನೈದು ವರ್ಷಗಳಲ್ಲಿ ಅಪರಾಧಿಯೇ ನ್ಯಾಯಾಧೀಶನ ಪೀಠದಲ್ಲಿ ಕುಳಿತಿದ್ದ. ಇನ್ನೊಂದು ಸೋಜಿಗ ಕೇಳಿ. ‘ಮನೆ ಈಸ್ ಬೀಯಿಂಗ್ ಬಿಲ್ಟ್’ ಎಂದರೆ ಕೆಂಡವಾಗುತ್ತಿದ್ದ ಈ ವೈಟ್ ಮಹಾಶಯನ ಮಗನೇ ಸ್ಟ್ಯಾನ್‌ಫರ್ಡ್ ವೈಟ್, ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ. ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದಲ್ಲಿರುವ ಕಮಾನು ಅವನ ವಿನ್ಯಾಸ. ಅಪ್ಪ ವಾಕ್ಯದಲ್ಲಿ ತಡೆಯಲು ಹೊರಟದ್ದನ್ನು ಮಗ ಕಲ್ಲಿನಲ್ಲಿ ಮಾಡಿಸಿದ.

ವೈಟನಿಗೆ ಎದುರಾಳಿಯಾಗಿ ನಿಂತವನ ಕಥೆ ನಮ್ಮ ದೇಶಕ್ಕೆ ಸಂಬಂಧಿಸಿದ್ದು. ಅವನ ಹೆಸರು ಫಿಟ್ಸ್‌ಎಡ್ವರ್ಡ್ ಹಾಲ್. 1825ರಲ್ಲಿ ನ್ಯೂಯಾರ್ಕ್ ಪ್ರಾಂತದ ಟ್ರಾಯ್ ಎಂಬ ಊರಿನಲ್ಲಿ ಹುಟ್ಟಿದವನು. ಹಾರ್ವರ್ಡ್‌ನಲ್ಲಿ ಓದುತ್ತಿದ್ದವನು 1846ರಲ್ಲಿ, ಮನೆಬಿಟ್ಟು ಹೋಗಿದ್ದ ಸಹೋದರನನ್ನು ಹುಡುಕಿಕೊಂಡು ಹಡಗು ಹತ್ತಿದ. ಗಂಗೆಯ ಮುಖದ ಬಳಿ ಹಡಗು ಒಡೆಯಿತು. ಕಲಕತ್ತೆಯನ್ನು ಸೇರಿದ ಹಾಲ್ ಕಾಲಹರಣ ಮಾಡದೆ ಹಿಂದುಸ್ತಾನಿ, ಬಂಗಾಳಿ, ಸಂಸ್ಕೃತಗಳನ್ನು ಕಲಿಯತೊಡಗಿದ. ಮುಂದೆ ಕಾಶಿಗೆ ಹೋಗಿ ಅಲ್ಲಿಯ ಸರ್ಕಾರಿ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕನಾದ. ಸಂಸ್ಕೃತ ಗ್ರಂಥವೊಂದನ್ನು ಸಂಪಾದಿಸಿದ ಮೊದಲ ಅಮೆರಿಕನ್ ಎಂಬ ಕೀರ್ತಿ ಅವನದು. ಧನಂಜಯನ ‘ದಶರೂಪಕ’ವನ್ನು ಸಂಪಾದಿಸಿದಾಗ, ಅಂದು ವಿದ್ವಾಂಸರಿಗೆ ದುರ್ಲಭವಾಗಿದ್ದ ಭರತನ ‘ನಾಟ್ಯಶಾಸ್ತ್ರ’ದ ಕೆಲವು ಅಧ್ಯಾಯಗಳನ್ನು ಅದರ ಜೊತೆಯಲ್ಲಿ ಅಚ್ಚುಹಾಕಿಸಿದವನೂ ಅವನೇ. ಶಾಲಾ ಇನ್‌ಸ್ಪೆಕ್ಟರನಾಗಿಯೂ ದುಡಿದ. 1857ರ ದಂಗೆಯ ಕಾಲದಲ್ಲಿ ಮಧ್ಯ ಭಾರತದ ಸಾಗರ್ ಕೋಟೆಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದ. 1862ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕನಾದ.

ಕಾಶಿಯ ಪಂಡಿತರ ಸಹವಾಸದಲ್ಲಿ ಪಳಗಿದವನಿಗೆ ಪ್ರಯೋಗಗಳನ್ನು ಹುಡುಕಿ ಸಾಕ್ಷ್ಯ ಒದಗಿಸುವ ಶಿಸ್ತು ಒಲಿದಿದ್ದುದು ಸಹಜ. 1872 ಮತ್ತು 1873ರಲ್ಲಿ ಪ್ರಕಟವಾದ ತನ್ನ ಎರಡು ಪುಸ್ತಕಗಳಲ್ಲಿ ಹಾಲ್ ಇಂಥ ಶುದ್ಧಿವಾದಿಗಳನ್ನು ಎದುರಿಸಿದ. ಅವನ ರೀತಿ ಸರಳ. ‘ಹೀಗಿರಬೇಕು’ ಎಂಬ ಕಟ್ಟಳೆಗೆ ಬದಲಾಗಿ ‘ಹೀಗಿದೆ’ ಎಂಬ ಉದಾಹರಣೆಯನ್ನು ಮುಂದಿಡುವುದು. ‘ಈಸ್ ಬೀಯಿಂಗ್ ಬಿಲ್ಟ್’ ಮಾದರಿಯನ್ನು ಸೌದಿಯೇ ಮೊದಲಾಗಿ ಒಳ್ಳೆಯ ಲೇಖಕರು ಬಳಸಿರುವುದನ್ನು ಅವನು ಹೆಕ್ಕಿ ತೋರಿಸಿದ. ಬಿಡಿ ಪದಗಳ ಅರ್ಥವನ್ನು ಕೂಡಿಸಿ ಇಡೀ ರಚನೆಯ ಅರ್ಥವನ್ನು ಅಳೆಯುವುದು ಭಾಷೆಯ ಸ್ವಭಾವವನ್ನು ಅರಿಯದವರ ಕೆಲಸ. ನಮ್ಮಲ್ಲಿಯೂ ‘ಬಂದುಹೋದ’, ‘ಬಿದ್ದುಬಿಟ್ಟ’ ಎನ್ನುತ್ತೇವೆ. ‘ಬಿಟ್ಟ’ ಎಂದಾಗ ಅವನು ಏನನ್ನು ಬಿಟ್ಟ ಎಂದು ಯಾರೂ ಕೇಳುವುದಿಲ್ಲ.

ಹಾಲ್ ಕೊನೆಯ ದಶಕಗಳನ್ನು ಇಂಗ್ಲೆಂಡಿನ ಸಫೋಕ್ ಪ್ರಾಂತದ ಒಂದು ಹಳ್ಳಿಯಲ್ಲಿ ಏಕಾಂತವಾಗಿ ಕಳೆದ. ಲಂಡನ್ನಿನ ವಿದ್ವದ್ವಲಯದಲ್ಲಿ ಜಗಳವಾಗಿ, ಇದ್ದ ಕೆಲಸವೂ ಹೋಗಿತ್ತು. ಆದರೂ ಜೇಮ್ಸ್ ಮರ್ರೆಯ ಸಂಪಾದಕತ್ವದಲ್ಲಿ ಸಿದ್ಧವಾಗುತ್ತಿದ್ದ ಆಕ್ಸ್‌ಫರ್ಡ್ ನಿಘಂಟಿಗೆ, ಒಂದು ಕಾಸೂ ಪಡೆಯದೆ, 1901ರಲ್ಲಿ ತೀರಿಕೊಳ್ಳುವವರೆಗೂ ದಿನದಲ್ಲಿ ಹಲವು ಗಂಟೆಗಳ ಕಾಲ ಕರಡು ತಿದ್ದಿ ಉದಾಹರಣೆಗಳನ್ನು ಒದಗಿಸಿದ. ಮರ್ರೆಯೂ ಅವನೂ ಒಮ್ಮೆಯೂ ಮುಖತಃ ಭೇಟಿಯಾಗಲಿಲ್ಲ. ಅಪಮಾನಗೊಂಡ ಮನುಷ್ಯ ಕಹಿಯಾಗುವುದು ಸುಲಭ, ದುಡಿಮೆಗೆ ನಿಲ್ಲುವುದು ಕಷ್ಟ. ನಿವೃತ್ತರಾದ ನಮ್ಮಂಥವರು ಆಗಾಗ ಇವನನ್ನು ನೆನೆಯಬೇಕು.

ಜಗಳ ಹೇಗೆ ಮುಗಿಯಿತು ಎಂದು ಬೇರೆ ಹೇಳಬೇಕಾಗಿಲ್ಲ. ಜನ ಮಾತಾಡಿದರು, ಪಂಡಿತರು ಸುಸ್ತಾದರು. ಇಪ್ಪತ್ತನೆಯ ಶತಮಾನ ಕಾಲಿಡುವ ವೇಳೆಗೆ ಹೊಸ ರೂಪ ಗೆದ್ದಿತ್ತು. ನಮ್ಮ ತಲೆಮಾರಿನವರ ಕೈಯಲ್ಲಿ ಸದಾ ಇರುತ್ತಿದ್ದ ರೆನ್ ಮತ್ತು ಮಾರ್ಟಿನ್ ವ್ಯಾಕರಣ 1930ರ ದಶಕದ ಮಧ್ಯಭಾಗದಲ್ಲಿ ಬಂದದ್ದು. ಪಿ.ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು, ‘ಬೋ ಜೆಸ್ಟ್’ ಎಂಬ ಜನಪ್ರಿಯ ಕಾದಂಬರಿಯ ಕರ್ತೃವೂ ಹೌದು. ಅಂಥ ವ್ಯಾಕರಣಗಳ ಮೂಲಕ ನಮ್ಮ ಕೈಗೆ ಬರುವಷ್ಟರಲ್ಲಿ ಈ ರಚನೆಯ ಮೈಮೇಲಿನ ಗಾಯದ ಗುರುತುಗಳೆಲ್ಲ ಮಾಸಿಹೋಗಿದ್ದವು. ನಮಗೆ ಸಿಕ್ಕಿದ್ದು ನಿಯಮ ಮಾತ್ರ. ಅದರ ಹಿಂದಿನ ಜಗಳ ಸಿಗಲಿಲ್ಲ.

ಹಳೆಯ ರೂಪ ಪೂರ್ತಿ ಸತ್ತಿದೆಯೇ? ಇಲ್ಲ. ಸಿನಿಮಾ ಟಾಕೀಸಿನ ಮುಂದೆ ‘ನೌ ಶೋಯಿಂಗ್’ ಎಂಬ ಫಲಕವನ್ನು ನೀವೆಲ್ಲ ನೋಡಿದ್ದೀರಿ. ಚಿತ್ರ ತೋರಿಸುವುದಿಲ್ಲ, ಅದನ್ನು ತೋರಿಸುತ್ತಾರೆ. ಬರಬೇಕಾದ ಬಾಕಿ ಹಣಕ್ಕೆ ‘ಓವಿಂಗ್’ ಎನ್ನುತ್ತಾರೆ. ಇವೆಲ್ಲ ‘ಹೌಸ್ ಈಸ್ ಬಿಲ್ಡಿಂಗ್’ ಕಾಲದ ಕಡೆಗೆ ಬೆರಳು ತೋರುವಂಥವು. ‘ರೈಸ್ ಈಸ್ ಕುಕಿಂಗ್’ ಎಂಬುದೂ ಇಂದಿನ ಅಚ್ಚ ಇಂಗ್ಲಿಷ್ ವಾಕ್ಯ. ಇಂಗ್ಲಿಷ್ ಮನೆಮಾತಿನವರು ಅಡುಗೆಮನೆಯಲ್ಲಿ ದಿನವೂ ಆಡುವ ಮಾತು. ಭಾಷಾವಿಜ್ಞಾನಿಗಳು ಇದನ್ನು ‘ಈಸ್ ಬಿಲ್ಡಿಂಗ್’ನಿಂದ ಸ್ವಲ್ಪ ಬೇರೆಯಾಗಿ ಇಡುತ್ತಾರೆ. ಒಲೆಯ ಮೇಲಿಟ್ಟರೆ ಅನ್ನ ತಾನೇ ಬೇಯುತ್ತದೆ, ಮನೆ ತಾನೇ ಕಟ್ಟಿಕೊಳ್ಳುವುದಿಲ್ಲ ಎಂಬುದು ವ್ಯತ್ಯಾಸ. ಕನ್ನಡದಲ್ಲಿ ‘ಬೇಯು’ ಮತ್ತು ‘ಬೇಯಿಸು’ ಎಂದು ಎರಡು ಧಾತುಗಳೇ ಇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಕುಕ್’ ಒಂದೇ. ನನ್ನ ಹಿಂದಿನ ಬೆಂಚಿನ ಹುಡುಗ ‘ಬೇಯು’ ಎಂಬ ಅರ್ಥದಲ್ಲಿ ಅದನ್ನು ಸರಿಯಾಗಿಯೇ ಬಳಸಿದ್ದ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ವಾಯ್ಸ್ ಬದಲಿಸುವ ಪ್ರಶ್ನೆಗೆ ಅವನ ಉತ್ತರ ಪೂರ್ಣವಾಗಿರಲಿಲ್ಲ. ಪ್ರಶ್ನೆ ಕೇಳಿದ ರೂಪ ಅದಲ್ಲ, ‘ಮದರ್’ ಬಿಟ್ಟುಹೋಗಿದ್ದಳು. ಅಂಕ ಕಡಿಮೆ ಮಾಡಿದ್ದು ತಪ್ಪೆಂದು ಇಂದಿಗೂ ನಾನು ಹೇಳುವುದಿಲ್ಲ. ‘ವಾಕ್ಯ ಚೆನ್ನಾಗಿದೆ, ಆದರೆ ಪ್ರಶ್ನೆ ಕೇಳಿದ್ದು ಇದನ್ನಲ್ಲ’ ಎಂದಿದ್ದರೆ ನಾನು ಮೇಷ್ಟ್ರಾಗಿರುತ್ತಿದ್ದೆ. ‘ಇದು ಇಂಗ್ಲಿಷೇ ಅಲ್ಲ’ ಎಂದು, ನನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಟ್ಟು ನಗಿಸಿದ್ದರಿಂದ ನಾನು ರಿಚರ್ಡ್ ಗ್ರಾಂಟ್ ವೈಟನ ಒಂದು ಸಣ್ಣ ಪ್ರತಿಯಾದೆ. ಅವನಿಗಾದರೂ ಪಾಂಡಿತ್ಯವಿತ್ತು.

ಕನ್ನಡದ ಕಡೆಗೂ ಒಮ್ಮೆ ತಿರುಗೋಣ. ನಮ್ಮ ಶಾಲಾ ವ್ಯಾಕರಣದಲ್ಲಿ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಉದಾಹರಣೆಯನ್ನು ಎಲ್ಲರೂ ಉರುಹೊಡೆದವರೇ. ಆದರೆ ಯಾವ ಅಜ್ಜಿಯೂ ಮೊಮ್ಮಕ್ಕಳಿಗೆ ಹಾಗೆ ಕಥೆ ಹೇಳಲಿಲ್ಲ. ‘ರಾವಣನ್ನ ರಾಮ ಕೊಂದ’ ಎಂದರೆ ಮುಗಿಯಿತು. ಕರ್ಮವನ್ನು ಮುಂದೆ ತರಬೇಕಾದರೆ ನಮ್ಮಲ್ಲಿ ವಿಭಕ್ತಿಪ್ರತ್ಯಯವಿದೆ, ಪದಗಳನ್ನು ಹಿಂದುಮುಂದು ಮಾಡಿದರೆ ಸಾಕು. ಮಾಡುವವರ ಹೆಸರು ಬೇಡವಾದರೆ ‘ಮನೆ ಕಟ್ತಾ ಇದ್ದಾರೆ’ ಎನ್ನುತ್ತೇವೆ. ಆ ‘ಇದ್ದಾರೆ’ಯಲ್ಲಿ ಯಾರೋ ಮನುಷ್ಯರು ಇದ್ದೇ ಇದ್ದಾರೆ. ‘ಮನೆಯು ಕಟ್ಟಲ್ಪಡುತ್ತಿದೆ’ ಎಂದರೆ ಗಾರೆಯವನೂ ಇಲ್ಲ, ಇಟ್ಟಿಗೆ ಹೊರುವವಳೂ ಇಲ್ಲ.

ಕಚೇರಿ ಕನ್ನಡದಲ್ಲಿ ಮಾತ್ರ ‘ಪರಿಶೀಲಿಸಲಾಗುತ್ತಿದೆ’ ಎಂಬುದು ‘ಈಸ್ ಬೀಯಿಂಗ್ ಎಕ್ಸಾಮಿನ್ಡ್’ನ ಅವಳಿಯಂತೆ ಬೆಳೆದು ನಿಂತಿದೆ. ನನ್ನ ಪಿಂಚಣಿಯ ಒಂದು ತಿದ್ದುಪಡಿಯ ಕಡತ ಹದಿನಾಲ್ಕು ತಿಂಗಳು ‘ಪರಿಶೀಲಿಸಲಾಗುತ್ತಿದೆ’ ಎಂಬ ಸ್ಥಿತಿಯಲ್ಲಿತ್ತು. ಹೋದಾಗಲೆಲ್ಲ ‘ಯಾರು ಪರಿಶೀಲಿಸುತ್ತಿದ್ದಾರೆ?’ ಎಂದು ಕೇಳಬೇಕೆನಿಸುತ್ತಿತ್ತು. ಕೊನೆಗೆ ಒಂದು ದಿನ ಕೇಳಿಯೂಬಿಟ್ಟೆ. ಎದುರಿಗಿದ್ದ ಯುವಕ ಸ್ವಲ್ಪ ಯೋಚಿಸಿ, “ಯಾರೂ ಇಲ್ಲ ಸಾರ್, ಆ ಸೀಟು ಖಾಲಿ ಇದೆ” ಎಂದ. ಆ ಪ್ರಾಮಾಣಿಕ ಹುಡುಗನಿಗೆ ಒಳ್ಳೆಯದಾಗಲಿ. ವ್ಯಾಕರಣಕ್ಕೂ ಜೀವನಕ್ಕೂ ಇರುವ ಸಂಬಂಧ ನನಗೆ ಅಂದಿನಷ್ಟು ಸ್ಪಷ್ಟವಾಗಿ ಎಂದೂ ಹೊಳೆದಿರಲಿಲ್ಲ. ಕರ್ತೃವನ್ನು ಬಿಟ್ಟರೂ ವಾಕ್ಯ ಪೂರ್ಣವಾಗುತ್ತದೆ, ಕೆಲಸ ಪೂರ್ಣವಾಗುವುದಿಲ್ಲ.

ಮೊಮ್ಮಗಳ ಪ್ರಶ್ನೆಯ ಮರುದಿನ ನಾನು ಹಳೆಯ ವಿದ್ಯಾರ್ಥಿಯೊಬ್ಬರಿಂದ ಆ ಹುಡುಗನ ದೂರವಾಣಿ ಸಂಖ್ಯೆ ಪಡೆದೆ. ಹುಡುಗ ಎಂದೆ, ಈಗ ಅವನಿಗೆ ಐವತ್ತು ದಾಟಿದೆ. ಕಟ್ಟಡದ ಗುತ್ತಿಗೆ ಮಾಡುತ್ತಾನೆ. ನನ್ನ ದನಿ ಕೇಳಿ ಸಂತೋಷಪಟ್ಟ, ಮನೆಯವರ ಆರೋಗ್ಯ ವಿಚಾರಿಸಿದ. ನಾನು ಆ ಪರೀಕ್ಷೆಯ ಪ್ರಶ್ನೆ, ಅವನ ಉತ್ತರ, ನನ್ನ ಸೊನ್ನೆ ಎಲ್ಲವನ್ನೂ ನೆನಪಿಸಿದೆ. ಒಂದು ಕ್ಷಣ ಸುಮ್ಮನಿದ್ದು, “ಪ್ರಶ್ನೆ ನೆನಪಿಲ್ಲ ಸಾರ್. ಎಲ್ಲಾರೂ ನಕ್ಕಿದ್ದು ನೆನಪೈತೆ” ಎಂದ. ಆಮೇಲೆ ತಾನೇ ಮಾತು ಬದಲಿಸಿ, ತನ್ನ ಮಗಳು ಇಂಗ್ಲಿಷ್ ಎಂ.ಎ. ಓದುತ್ತಿರುವ ಸುದ್ದಿ ಹೇಳಿದ. ನನಗೆ ಮುಜುಗರವಾಗದಿರಲೆಂದು ಹಾಗೆ ಮಾಡಿದನೆಂದು ಅರ್ಥವಾಯಿತು.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ ಇದು: “ಪರೀಕ್ಷೆಯಲ್ಲಿ ‘ಈಸ್ ಬೀಯಿಂಗ್ ಕುಕ್ಡ್’ ಎಂದೇ ಬರಿ ಮಗಳೇ, ಅವರು ಕೇಳಿರೋದು ಅದನ್ನೇ. ಅಡುಗೆಮನೆಯಲ್ಲಿ ‘ರೈಸ್ ಈಸ್ ಕುಕಿಂಗ್’ ಅನ್ನು. ಎರಡೂ ಇಂಗ್ಲಿಷೇ.” ಅವಳು ಎರಡನೆಯದನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡಳು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ನಿಮಗೆ ಒಂದೇ ಮಾತು. ತಪ್ಪನ್ನು ತಿದ್ದಿ, ತಿದ್ದದೆ ಬಿಡುವುದು ದಯೆಯಲ್ಲ. ಆದರೆ ‘ಇದು ಭಾಷೆಯೇ ಅಲ್ಲ’ ಎಂದು ಮಗುವಿನ ಬಾಯಿ ಮುಚ್ಚಿಸುವ ಮುನ್ನ, ಆ ಮಗು ಯಾವ ದಾರಿಯಲ್ಲಿ ಅಲ್ಲಿಗೆ ಬಂದಿತೆಂದು ಒಮ್ಮೆ ಕೇಳಿ. ನನ್ನ ಹುಡುಗ ಕೇಳದೆಯೇ ಹೇಳಿದ್ದ, ನಾನು ಕಿವಿಗೊಡಲಿಲ್ಲ.

‘ಒಂದು ತಪ್ಪು ಮಾಡಲ್ಪಟ್ಟಿತು’ ಎಂದು ಕರ್ಮಣಿಯಲ್ಲಿ ಬರೆದು ಜಾರಿಕೊಳ್ಳುವ ಸೌಕರ್ಯವನ್ನು ವ್ಯಾಕರಣ ನನಗೂ ಕೊಟ್ಟಿದೆ. ಅದು ನನಗೆ ಬೇಡ. 1987ರಲ್ಲಿ ಆ ತರಗತಿಯಲ್ಲಿ ನಾನು ತಪ್ಪು ಮಾಡಿದೆ. ಇದು ಕರ್ತರಿ ಪ್ರಯೋಗ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು